ಮಚ್ಚೆಯೋ, ಧೂಳೋ

ಕ್ಯಾಮೆರಾ ಸ್ವಚ್ಛ ಮಾಡುವ ದಿನ ಕಾಕಾ ಅಂಗಿ, ಬನಿಯನ್ ಎರಡನ್ನೂ ಕಳಚಿ ಗೂಟಕ್ಕೆ ಹಾಕುತ್ತಿದ್ದರು. ತಲೆಗೆ ಒದ್ದೆ ಟವೆಲ್ಲು ಸುತ್ತಿ, ನೆಲಕ್ಕೆ ನೀರು ಚಿಮುಕಿಸಿ, ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಲೆನ್ಸ್ ಬಿಚ್ಚಿದ ಕ್ಯಾಮೆರಾವನ್ನು ಬಾಯಿ ಕೆಳಗೆ ಮಾಡಿ ಎತ್ತಿ ಹಿಡಿಯುವರು. ಎದೆಯ ನರೆಗೂದಲಲ್ಲಿ ಬೆವರು ಹರಿಯುತ್ತಿದ್ದರೂ ಒರೆಸಿಕೊಳ್ಳುತ್ತಿರಲಿಲ್ಲ. ಬಟ್ಟೆ ತೊಟ್ಟರೆ ಅದರ ನೂಲೇ ಉದುರಿ ಒಳಗೆ ಕೂರುತ್ತದೆ ಅನ್ನುವುದು ಅವರ ಹೆದರಿಕೆ. ಕ್ಯಾಮೆರಾದ ಹೊಟ್ಟೆಯೊಳಗಿನ ಸೆನ್ಸರ್ ಮೇಲೆ ಒಂದು ಕಣ ಧೂಳು ಕೂತರೂ ಸಾಕು, ತೆಗೆದ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆ. ರಬ್ಬರ್ ಬಲ್ಬ್ ಒತ್ತಿ ಗಾಳಿ ಊದುವರು. ಹೋಗದಿದ್ದರೆ ಚಪ್ಪಟೆ ಕಡ್ಡಿಯ ತುದಿಯ ಬಟ್ಟೆಗೆ ಒಂದೆರಡು ಹನಿ ದ್ರಾವಣ ಹಾಕಿ, ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ ಒರೆಸುವರು.

"ಬಾಯಿಲೆ ಊದಬ್ಯಾಡ್ರಿ ಯಾರೂ," ಅನ್ನುವರು. "ಬಾಯಿಲೆ ಊದಿ ಚೊಲೋ ಆಗಿದ್ದು ಒಲಿ ಒಂದ. ಉಳಿದದ್ದೆಲ್ಲಾ ಕೆಟ್ಟೈತಿ."

ನಾನು ಕುರುಗೋಡಿನಿಂದ ಸಿರುಗುಪ್ಪಕ್ಕೆ ಸೊಸೆಯಾಗಿ ಬಂದವಳು. ಅವರ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತು ಫೋಟೋ ತಿದ್ದುವುದು, ಆಲ್ಬಮ್ ಜೋಡಿಸುವುದು ನನ್ನ ಕೆಲಸ. ನೆಂಟರಲ್ಲದಿದ್ದರೂ ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಅವರು ಯವ್ವಾ ಅನ್ನುವರು. ಖುಷಿಯಲ್ಲಿದ್ದರೆ "ಏಮಮ್ಮಾ" ಎಂದು ತೆಲುಗಿಗೆ ಜಾರುವರು. ರಸ್ತೆಯಾಚೆ ಅಕ್ಕಿ ಮಿಲ್ಲು. ಸುಗ್ಗಿ ಬಂತೆಂದರೆ ತೌಡಿನ ಧೂಳು ಟೀ ಲೋಟದ ಮೇಲೂ ಕೆನೆ ಕಟ್ಟುತ್ತಿತ್ತು. ಮದುವೆ ಮಂಟಪದ ಫೋಟೋದಲ್ಲಿ ಅಷ್ಟಾಗಿ ಕಾಣದ ಚುಕ್ಕೆಗಳು ಬಯಲಲ್ಲಿ, ಬಿಸಿಲಲ್ಲಿ ತೆಗೆದ ಫೋಟೋಗಳಲ್ಲಿ ಮುಗಿಲ ತುಂಬ ಎದ್ದು ಕೂರುತ್ತಿದ್ದವು. ಅವನ್ನು ಅಳಿಸಿ ಅಳಿಸಿ ನನ್ನ ಬೆರಳಿಗೆ ಅದೇ ಚಟವಾಗಿತ್ತು.

ಆ ಚಟವೇ ಒಂದು ಸಲ ಎಡವಟ್ಟು ಮಾಡಿತು. ಕರೂರಿನ ಒಬ್ಬ ಮುದುಕಿ ತೀರಿಕೊಂಡಿದ್ದಳು. ಮಗಳು ಬಂದು, ಗದ್ದೆಯ ಬದುವಿನ ಮೇಲೆ ಕಾಕಾ ಎಂದೋ ತೆಗೆದಿದ್ದ ಫೋಟೋವನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಡಲು ಹೇಳಿದಳು. ನಾನು ಮುಗಿಲಿನ ಚುಕ್ಕೆ ಒರೆಸಿದೆ, ಸೀರೆಯ ಮೇಲಿನದನ್ನು ಒರೆಸಿದೆ, ಕೆನ್ನೆಯ ಮೇಲಿನದನ್ನೂ ಒರೆಸಿದೆ. ಪಟ ನೋಡಿದ ಮಗಳು ಗಾಜಿನ ಮೇಲೆ ಬೆರಳಿಟ್ಟು ಹುಡುಕತೊಡಗಿದಳು.

"ನಮ್ಮವ್ವನ ಮಚ್ಚಿ ಎಲ್ಲೈತ್ರಿ? ಸಣ್ಣಾಕಿದ್ದಾಗ ಅದರ ಮ್ಯಾಲೆ ಬೆರಳಿಟ್ಕೊಂಡ ಮಲಗ್ತಿದ್ದೆ. ಈಕಿ ನಮ್ಮವ್ವ ಅಲ್ಲ ಬಿಡ್ರಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾಕಾ ಬೈಯಲಿಲ್ಲ. ಹೊಸ ಪಟ ಮಾಡಿಸಿ, ತಾವೇ ಬಸ್ಸು ಹತ್ತಿ ಕರೂರಿಗೆ ಹೋಗಿ ಕೊಟ್ಟು ಬಂದರು. ಆಮೇಲೆ ಅದೇ ಮುದುಕಿಯ ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಒಂದರಲ್ಲಿ ಆಕೆ ನೇರ ನೋಡುತ್ತಿದ್ದಾಳೆ, ಇನ್ನೊಂದರಲ್ಲಿ ಪಕ್ಕಕ್ಕೆ ಹೊರಳಿದ್ದಾಳೆ.

"ನೋಡು ಯವ್ವಾ, ಮುಖದ ಜೋಡಿ ಸರಿದ್ರ ಮಚ್ಚಿ. ಮುಖ ಎತ್ತ ಹೊಳ್ಳಿದ್ರೂ ಇದ್ದಲ್ಲೇ ಇದ್ರ ಧೂಳು. ಒರಸೂದಕ್ಕಿಂತ ಮೊದಲ ಇನ್ನೊಂದು ಫೋಟೋ ನೋಡಬೇಕು."

ಈ ಮಾತೇ ಮುಂದೊಂದು ದಿನ ಅವರಿಗೇ ತಿರುಗಿ ಬಂತು.

ಕೆಂಚನಗುಡ್ಡದ ಹೊಳೆ ದಂಡೆಯಲ್ಲಿ ಒಂದು ಮದುವೆ ಜೋಡಿಯ ಫೋಟೋ ತೆಗೆದು ಬಂದವರು ಬ್ಯಾಗು ಇಳಿಸುವ ಮೊದಲೇ ಅಂಗಿ ಕಳಚಿದರು. "ಭಾಳ ದೊಡ್ಡ ಚುಕ್ಕಿ ಕುಂತೈತಿ," ಅಂದರು. ಅಂದು ಒರೆಸಿದರು. ಮರುದಿನ ಮತ್ತೆ ಒರೆಸಿದರು. ಆಮೇಲೆ ದಿನಾ ಅದೇ ಕೆಲಸವಾಯಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂದಂತೆ ಮಿಲ್ಲಿನವರನ್ನು ಬೈದರು, ಕಸ ಗುಡಿಸಿದ್ದಕ್ಕೆ ನನ್ನನ್ನು ಬೈದರು. ಒರೆಸಿ ಒರೆಸಿ ಸೆನ್ಸರಿನ ಗಾಜಿಗೆ ಗೀರು ಬಿತ್ತು. ಮಗುವಿನ ಹಾಗೆ ಜೋಪಾನ ಮಾಡಿದ ಕ್ಯಾಮೆರಾ ಅದು. ಆದರೆ ಫೋಟೋಗಳಲ್ಲಿ ಆ ಗೀರು ಬಿಟ್ಟರೆ ನನಗೆ ಯಾವ ಚುಕ್ಕೆಯೂ ಕಾಣಲಿಲ್ಲ.

ಬಿಳಿ ಗೋಡೆಯದೊಂದು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ತುಂಬಾ ದೊಡ್ಡದು ಮಾಡಿದೆ. "ಎಲ್ಲಿ ಐತಿ, ಬೆರಳಿಟ್ಟು ತೋರಸ್ರಿ ಕಾಕಾ."

"ಇಲ್ಲಿ ನೋಡು, ನೊಣ ಕುಂತಂಗ." ಎಡಕ್ಕೆ ಬೆರಳಿಟ್ಟರು. ಅಲ್ಲಿ ಏನೂ ಇರಲಿಲ್ಲ. ನೋಡುತ್ತ ನೋಡುತ್ತ ಬೆರಳು ಮೇಲಕ್ಕೆ ಹೋಯಿತು, ಅಲ್ಲಿಂದ ಬಲಕ್ಕೆ ಹೋಯಿತು. ಹೇಳದೆ ಇದ್ದರೆ ಅವರ ಕಣ್ಣು ಹೋಗುತ್ತದೆ, ಹೇಳಿದರೆ ಅವರ ಜೀವವೇ ಹೋಗುತ್ತದೆ ಅನ್ನಿಸಿತು.

"ಕಾಕಾ, ಧೂಳು ಇದ್ದಲ್ಲೇ ಇರ್ತೈತಿ ಅಂತ ನೀವ ಹೇಳಿದ್ರಿ. ಇದು ನೀವು ನೋಡಿದ ಕಡೀಗೆಲ್ಲಾ ಸರಿಯಾಕತ್ತೈತಿ."

ಅವರು ಒಂದು ಕಣ್ಣಿಗೆ ಅಂಗೈ ಮುಚ್ಚಿ ನೋಡಿದರು. ಕೈ ಬದಲಿಸಿ ಇನ್ನೊಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಗೂಟದ ಮೇಲಿನ ಅಂಗಿ ತೆಗೆದು ಹಾಕಿಕೊಂಡರು.

ಬಳ್ಳಾರಿಯ ಕಣ್ಣಿನ ಡಾಕ್ಟರ ಹತ್ತಿರ ಚಿಗವ್ವ, ಅಂದರೆ ಅವರ ಹೆಂಡತಿ, ಮತ್ತು ನಾನು ಕರೆದುಕೊಂಡು ಹೋದೆವು. ಸಕ್ಕರೆ ಕಾಯಿಲೆ ಕಣ್ಣಿಗಿಳಿದು ಒಳಗೆ ರಕ್ತ ಒಸರಿದೆ, ಎಡಗಣ್ಣು ಕೈಬಿಟ್ಟಂತೆಯೇ, ಬಲಗಣ್ಣಿನ ಭರವಸೆಯೂ ಇಲ್ಲ ಅಂದರು ಡಾಕ್ಟರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಗದರಿದರು.

"ಕ್ಯಾಮೆರಾ ಒರಸಾಕತ್ತಿದ್ದೆ ಸಾರ್," ಅಂದರು ಕಾಕಾ.

ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ವಾಪಸು ಬರುವಾಗ ಕಾಕಾ ಬ್ರೂಸ್‌ಪೇಟೆಯ ತಮ್ಮ ಮಾಮೂಲಿ ಅಂಗಡಿಗೆ ಹೋಗೋಣವೆಂದು ಹಟ ಹಿಡಿದರು. ಒರೆಸುವ ಕಡ್ಡಿಗಳ ಪ್ಯಾಕೆಟ್ಟೊಂದನ್ನು ಕೊಂಡು ನನ್ನ ಕೈಗಿಟ್ಟರು. "ಇನ್ನ ನೀನ ಮಾಡಬೇಕಲ್ಲವಾ."

ಬಲಗಣ್ಣೂ ಮಂಜಾಗುತ್ತ ಹೋಯಿತು. ಆದರೂ ದಿನಾ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುವರು. ನಾನು ಕ್ಯಾಮೆರಾ ಬಿಚ್ಚಿದ ಸದ್ದಿಗೇ ಕಿವಿ ನಿಮಿರುತ್ತಿತ್ತು. "ಫ್ಯಾನ್ ಆರಿಸಿದಿ? ಬ್ಯಾಟ್ರಿ ತುಂಬೈತಿ? ನಡುವ ಸತ್ರ ಒಳಗಿನ ಕನ್ನಡಿ ಕಡ್ಡಿ ಮ್ಯಾಲೆ ಬೀಳ್ತೈತಿ." "ನನ್ನಂಗ ಅಂಗಿ ಕಳಿಯಾಕ ನಿನಗ ಬರಂಗಿಲ್ಲ, ಸೆರಗು ಒದ್ದಿ ಮಾಡಿ ಸಿಗಿಸ್ಕೋ," ಎಂದು ನಗಿಸಿದ್ದೂ ಆ ಕುರ್ಚಿಯಿಂದಲೇ. ಇವತ್ತಿಗೂ ಹಾಗೇ ಸಿಗಿಸಿಕೊಳ್ಳುತ್ತೇನೆ. ನನ್ನ ಮನೆಯ ಅನ್ನದ ಅಗುಳು ಅಗುಳಿನಲ್ಲೂ ಅವರ ಋಣವಿದೆ.

ಸಕ್ಕರೆ ಕಣ್ಣಿಗೇ ನಿಲ್ಲಲಿಲ್ಲ, ಮೂತ್ರಪಿಂಡಕ್ಕಿಳಿಯಿತು. ಅವರು ಹೋದ ಮೇಲೆ ಚಿಗವ್ವ ಪಟ ಕೇಳಿದಳು. ಗೀರು ಬಿದ್ದ ಆ ಕ್ಯಾಮೆರಾದಲ್ಲೇ ಒಂದು ಮಧ್ಯಾಹ್ನ ನಾನು ಅವರನ್ನು ಕುರ್ಚಿಯಲ್ಲಿ ಕೂತಂತೆ ತೆಗೆದಿದ್ದೆ. ಗೀರು ಅಳಿಸಿದೆ. ಬಲಕಿವಿಯ ಕೆಳಗೆ, ದವಡೆಯ ಮೇಲೆ ಒಂದು ಕಪ್ಪು ಚುಕ್ಕೆ ಉಳಿಯಿತು. ಬೆರಳು ಒತ್ತಬೇಕು, ಒತ್ತಲಾಗಲಿಲ್ಲ. ಅಷ್ಟು ವರ್ಷ ಒಂದೇ ಕೋಣೆಯಲ್ಲಿ ಕೂತಿದ್ದರೂ ಅವರ ದವಡೆಯ ಮೇಲೆ ಮಚ್ಚೆ ಇತ್ತೋ ಇಲ್ಲವೋ ನನಗೆ ನೆನಪಾಗಲಿಲ್ಲ. ನನ್ನ ಮೇಲೆ ನನಗೇ ಹೇಸಿಕೆಯಾಯಿತು.

ಅವರು ಹೇಳಿಕೊಟ್ಟಂತೆ ಇನ್ನೊಂದು ಫೋಟೋ ತೆರೆದೆ. ಮಿಲ್ಲಿನ ಲಾರಿಯ ಸದ್ದಿಗೆ ಅವರು ಮುಖ ಹೊರಳಿಸಿದ್ದರು. ಚುಕ್ಕೆಯೂ ಅವರ ಜೊತೆ ಹೊರಳಿತ್ತು.

ಪಟವನ್ನು ಹಾಗೇ ಮಾಡಿಸಿ ಮನೆಗೆ ಒಯ್ದೆ. ಚಿಗವ್ವ ಅದನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮೂಗು ಯಾವುದನ್ನೂ ನೋಡದೆ, ಮೊದಲು ಆ ಚುಕ್ಕೆಯ ಮೇಲೆ ಬೆರಳಿಟ್ಟಳು.