ಕೂಳೆಯ ಹೊಗೆ, ದೋಸೆಯ ಅಕ್ಕಿ

ದೋಸೆಗೆಂದು ಅಕ್ಕಿ ತೊಳೆಯುವಾಗ ಪಾತ್ರೆಯ ನೀರು ಬೆಳ್ಳಗೆ ಕದಡುವುದನ್ನು ನೀವೂ ನೋಡಿರುತ್ತೀರಿ. ನನಗೆ ಮಾತ್ರ ಈಗೀಗ ಆ ಬಿಳುಪಿನೊಳಗಿಂದ ಟ್ರ್ಯಾಕ್ಟರ್ ಟ್ರಾಲಿಯೊಂದು ಎದ್ದು ಬಂದಂತಾಗಿ ಕೈ ನಿಂತುಬಿಡುತ್ತದೆ.

ನನ್ನವರ ಅಣ್ಣ ಫರೀದಾಬಾದಿನಲ್ಲಿ ದೋಸೆ ಹೋಟೆಲು ನಡೆಸುತ್ತಾರೆ. ಅಕ್ಕಿಯನ್ನು ಹತ್ತಿರದ ಹಳ್ಳಿಯ ರೈತ ಧರಮ್‌ಪಾಲರಿಂದಲೇ ತರುವುದು ಅವರ ಪದ್ಧತಿ. ಮೊನ್ನೆ ಭಾವನ ಜೊತೆ ನಾನೂ ಹೋಗಿದ್ದೆ. ಹಳ್ಳಿ ಇನ್ನೇನು ಬಂತು ಎನ್ನುವಾಗ ಗದ್ದೆಯ ಕಡೆಯಿಂದ ಹೊಗೆ ಉರುಳಿ ಬಂದು ರಸ್ತೆಯನ್ನೇ ನುಂಗಿತು. ಭಾವ ಬ್ರೇಕ್ ಒತ್ತಿದರು. ಮೂಗಿನ ಮುಂದೆ ದೀಪವಿಲ್ಲದ ಟ್ರಾಲಿ, ಬೆನ್ನ ಹಿಂದೆ ಬಸ್ಸಿನ ಹಾರ್ನ್. ಬಸ್ಸು ನಮ್ಮ ವ್ಯಾನಿನ ಕನ್ನಡಿ ಕಿತ್ತುಕೊಂಡು ಪಕ್ಕದಲ್ಲೇ ಹಾದುಹೋಯಿತು. ಆ ಹಾರ್ನ್ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಕೊಯ್ಲಾದ ಮೇಲೆ ಗದ್ದೆಯಲ್ಲಿ ಉಳಿದ ಭತ್ತದ ಕೂಳೆಗೆ ಬೆಂಕಿಯಿಟ್ಟವರು ಧರಮ್‌ಪಾಲರೇ. "ಎಂತ ಮಾರಾಯ, ನಮ್ಮನ್ನೇ ಹುರಿದುಬಿಡ್ತಿದ್ದೆಯಲ್ಲ!" ಎಂದು ಭಾವ ಕನ್ನಡದಲ್ಲೇ ಕೂಗಿ, ಆಮೇಲೆ ನೆನಪಾಗಿ ಹಿಂದಿಯಲ್ಲಿ ಮತ್ತೊಮ್ಮೆ ಬೈದರು.

"ಭಯ್ಯಾ, ದೋಸೆ ಗರಿಗರಿ ಆಗ್ಬೇಕು ಅಂತ ತಡವಾಗಿ ಮಾಗೋ ಭತ್ತ ಹಾಕಿಸಿದ್ದು ನೀವೇ. ಗೋಧಿ ಬಿತ್ತೋಕೆ ಇನ್ನು ದಿನ ಎಲ್ಲಿದೆ? ಕೂಳೆ ಸುಡದೆ ಬಿತ್ತೋ ಸರ್ಕಾರಿ ಮಷೀನು ಕೇಳಿದ್ದೀನಿ. ಹೊಗೆ ಎದ್ರೆ ದಂಡ ಹಾಕೋರು ಓಡಿ ಬರ್ತಾರೆ, ಮಷೀನು ಮಾತ್ರ ನಡ್ಕೊಂಡು ಬರುತ್ತೆ."

ಅದು ನಿಜವೆಂದು ಭಾವ ಒಪ್ಪಿಕೊಂಡರು. ಮುಂದಿನ ಸಲ ಬೇಗ ಮಾಗುವ ತಳಿಯೇ ಇರಲಿ, ಗಿರಾಕಿಗಳಿಗೆ ನಾನು ಹೇಳಿಕೊಳ್ಳುತ್ತೇನೆ ಎಂದರು. ಆದರೆ ಧರಮ್‌ಪಾಲರ ಇನ್ನೊಂದು ಗದ್ದೆ ಸುಡದೆ ಉಳಿದಿತ್ತು. ಈ ವಾರ ಮಷೀನು ಬಾರದಿದ್ದರೆ ಅದಕ್ಕೂ ಬೆಂಕಿಯೇ.

ಸರ್ಕಾರವನ್ನು ಬೈಯುವುದು ನನಗೆ ಸಲೀಸಲ್ಲ. ಅದು ದಿನವೂ ರೋಹಿಣಿ ಬಡಾವಣೆಯ ನಮ್ಮ ಮನೆಯಿಂದಲೇ ಊಟದ ಡಬ್ಬಿ ಹಿಡಿದು ಮೆಟ್ರೋ ಹತ್ತುತ್ತದೆ. ನನ್ನವರು ಕೃಷಿಗೆ ಸಂಬಂಧಿಸಿದ ಕೇಂದ್ರದ ಕಚೇರಿಯೊಂದರಲ್ಲಿ ಅಧಿಕಾರಿ. ಆದರೂ ಒಂದು ಮಾತು ನನಗೀಗ ಖಚಿತ: ಯಾವ ಬೀಜಕ್ಕೆ ಪ್ರೋತ್ಸಾಹ, ಯಾವ ಬೆಳೆಗೆ ಬೆಂಬಲ, ಯಾವ ಯಂತ್ರ ಯಾವ ಊರಿಗೆ ಎಂದು ನಿರ್ಧರಿಸುವ ಕೈಗೆ ನೆಲವನ್ನೂ ಗಾಳಿಯನ್ನೂ ಕಾಯುವ ಶಕ್ತಿಯಿದೆ. ಭಾವ ರುಚಿ ಬಿಟ್ಟುಕೊಡಬಲ್ಲರು, ಧರಮ್‌ಪಾಲರು ಒಂದು ವಾರ ಕಾಯಬಲ್ಲರು. ಹದ ತಪ್ಪುವ ಮೊದಲು ಯಂತ್ರವನ್ನು ಹೊಲಕ್ಕೆ ಮುಟ್ಟಿಸುವುದು ಸರ್ಕಾರದಿಂದಲೇ ಆಗಬೇಕಾದ ಕೆಲಸ.

ಅಂದು ಸಂಜೆಯೇ ನನ್ನವರಿಗೆ ಎಲ್ಲ ಹೇಳಿದ್ದೆ.

"ಅಚ್ಛಾ... ಆದರೆ ಮಷೀನು ರಾಜ್ಯದವರದ್ದು, ನಮ್ಮ ಇಲಾಖೆಗೆ ಬರೂದಿಲ್ಲ ಮಾರಾಯ್ತಿ."

"ಹೊಗೆ ಇಲಾಖೆ ಕೇಳಿಕೊಂಡು ಬರ್ಲಿಲ್ಲ ರೀ. ನಾನು ಇವತ್ತು ವಾಪಸ್ ಬರದೇ ಇದ್ದಿದ್ರೆ?"

ಅವರು ಕೈಯಲ್ಲಿದ್ದ ಊಟದ ಡಬ್ಬಿ ಕೆಳಗಿಟ್ಟರು. ಆಮೇಲೆ ಫೋನು ಎತ್ತಿಕೊಂಡು ಕೇಳಿದರು: "ಆ ಹಳ್ಳಿಯ ಹೆಸರೆಂತ?"