ನಡುಹಗಲಿಗೆ ಅಂಟಿಸಿದ ಚಂದ್ರ

ಗಂಡ ಬಾಸ್ಸು ತೀರಿಕೊಂಡ ಮೇಲೆ ತೂದಾ ಅವನ ಗೋರಿಗೆ ಹದಿನಾರು ಶುಕ್ರವಾರ ಹೋಗಿದ್ದಳು. ಹದಿನಾರೂ ಸಲ ನಡುಮಧ್ಯಾಹ್ನಕ್ಕೇ. ಗಂಡಸರೆಲ್ಲ ಮಸೀದಿಯಲ್ಲಿರುವ ಹೊತ್ತಿಗೆ ದಾರಿ ಖಾಲಿಯಿರುತ್ತದೆ, ಯಾರ ಮಾತಿಗೂ ನಿಲ್ಲಬೇಕಾಗಿಲ್ಲ. ಬಿಳಿ ಜೆಲ್ಲಾಬಾ ನಿಲುವಂಗಿ, ಬಿಳಿ ತಲೆವಸ್ತ್ರ, ಬಿಳಿ ಕಾಲುಚೀಲ. ಕೈಯಲ್ಲಿ ಕಂಠಕ್ಕೆ ತಂತಿ ಸುತ್ತಿದ ನೀರಿನ ಹೂಜಿ, ಕಂಕುಳಲ್ಲಿ ಪರಿಮಳದ ರೀಹಾನ್ ಗಿಡದ ಕಡ್ಡಿಗಳ ಕಟ್ಟು. ಗೋರಿಯ ಮೇಲೆ ನೀರು ಹನಿಸಿ, ಕಡ್ಡಿಗಳನ್ನಿಟ್ಟು, ನಮಾಜು ಮುಗಿಸಿದ ಗಂಡಸರು ಊಟಕ್ಕೆ ಕೂರುವಷ್ಟರಲ್ಲಿ ಮನೆ ಸೇರುತ್ತಿದ್ದಳು.

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಬಿಳಿ ಉಡಬೇಕು, ಸೂರ್ಯ ಮುಳುಗಿದ ಮೇಲೆ ಹೊಸ್ತಿಲು ದಾಟಬಾರದು. ತೂದಾ ದಾಟಿರಲಿಲ್ಲ. ಒಂದು ಸಂಜೆ ಮೇಕೆ ಹಗ್ಗ ಬಿಚ್ಚಿಕೊಂಡು ಹೋದಾಗಲೂ ಹೊಸ್ತಿಲ ಒಳಗೇ ನಿಂತು ಕರೆದಳು. ಮೇಕೆ ಬರಲಿಲ್ಲ. ಮರುದಿನ ಬೆಳಿಗ್ಗೆ ನೆರೆಯವರ ಬದನೆ ಗಿಡಗಳನ್ನು ಮುಗಿಸಿ ಅದೇ ಬಂತು.

ಬಿಳಿ ಬಿಚ್ಚುವುದಕ್ಕೆ ಇನ್ನು ಹನ್ನೆರಡು ದಿನ ಉಳಿದಿತ್ತು. ಆ ಬೆಳಿಗ್ಗೆ ಬಾಸ್ಸುವಿನ ಅಕ್ಕ ಫಾಡ್ಮಾ ಒಳಗೆ ಬಂದಳು. ಸಲಾಮು ಹೇಳಲಿಲ್ಲ. ತನ್ನ ಸೊಸೆಯ ಫೋನನ್ನು ತೂದಾಳ ಮುಂದೆ ಹಿಡಿದಳು.

"ಇದ್ಯಾರು, ನೋಡಿ ಹೇಳು."

"ಕೂತ್ಕೊಳ್ಳಿ ಲಾಲ್ಲಾ," ಅಂದಳು ತೂದಾ, ದೊಡ್ಡವರನ್ನು ಗೌರವದಿಂದ ಕರೆಯುವ ಹಾಗೆ. "ಚಹಾ ಇಡ್ತೀನಿ."

"ಚಹಾ ನಿನ್ನ ಹತ್ರಾನೇ ಇರ್ಲಿ. ಮೊದ್ಲು ನೋಡು."

ಅದು ಒಂದು ದೆವ್ವದ ಸಿನಿಮಾದ ಮೊದಲ ಎರಡು ನಿಮಿಷ. ಜನರನ್ನು ಸೆಳೆಯಲೆಂದು ಮೊದಲೇ ಬಿಟ್ಟಿದ್ದರು. ರಾತ್ರಿ. ಗುಡ್ಡದ ಅಂಚಿನಲ್ಲಿ ಹುಣ್ಣಿಮೆ ಚಂದ್ರ. ಖಬರಸ್ತಾನದ ನಡುವೆ ಬಿಳಿ ಉಟ್ಟ ಹೆಂಗಸೊಬ್ಬಳು ಎಡಗಾಲು ಎಳೆಯುತ್ತ ಹೋಗುತ್ತಿದ್ದಾಳೆ. ಮುಖ ಕಾಣುವುದಿಲ್ಲ. ಕೈಯಲ್ಲಿ ಹೂಜಿ, ಹೂಜಿಯ ಕಂಠಕ್ಕೆ ತಂತಿ.

"ಆ ತಂತಿ ಸುತ್ತಿದ್ದು ನನ್ನ ತಮ್ಮ," ಅಂದಳು ಫಾಡ್ಮಾ. "ಆ ಕಾಲು ಊರಿಗೆಲ್ಲ ಗೊತ್ತು. ನಿನ್ನ ಗಂಡ ಮಣ್ಣಲ್ಲಿ ಇನ್ನೂ ಆರಿಲ್ಲ, ನೀನು ಬೆಳದಿಂಗಳಲ್ಲಿ ಗೋರಿಗಳ ಮಧ್ಯೆ ಸಿನಿಮಾದವರ ಜೊತೆ ಓಡಾಡ್ತಿದೀಯ."

"ನಾನು ರಾತ್ರಿ ಹೋಗಿಲ್ಲ."

"ಚಂದ್ರ ಹಗಲು ಬಂದಿದ್ನೇನು ಮತ್ತೆ?"

ತೂದಾ ಫೋನನ್ನು ಮತ್ತೆ ನೋಡಿದಳು. ಚಂದ್ರ ಅಲ್ಲಿದ್ದ, ಅವಳ ಕಣ್ಣೆದುರಿಗೇ.

"ಹನ್ನೆರಡು ದಿನ ಆದ್ಮೇಲೆ ನಿನ್ನ ತಲೆಯಿಂದ ಬಿಳಿ ಬಿಚ್ಚಬೇಕಾದವಳು ನಾನು," ಫಾಡ್ಮಾ ತಲೆವಸ್ತ್ರ ಸರಿಪಡಿಸಿಕೊಂಡಳು. "ನಾನು ಬಿಚ್ಚಲ್ಲ. ಆ ದಿನದ ಕುಸ್ಕುಸ್ ಊಟಕ್ಕೂ ಯಾರೂ ಬರಲ್ಲ. ಬೇಕಾದಷ್ಟು ಮಾಡ್ಕೊಂಡು ಮೇಕೆಗೆ ಹಾಕು."

ಆ ಊರಲ್ಲಿ ಸತ್ತವನ ಅಕ್ಕನೋ ತಂಗಿಯೋ ಬಿಳಿ ಬಿಚ್ಚದಿದ್ದರೆ ಆ ಹೆಂಗಸು ದುಃಖವನ್ನು ನೆಟ್ಟಗೆ ಮುಗಿಸಲಿಲ್ಲ ಎಂದೇ ಅರ್ಥ. ಆಮೇಲೆ ಅವಳು ಯಾವ ಬಣ್ಣ ಉಟ್ಟರೂ ಜನರ ಕಣ್ಣಿಗೆ ಕಲೆಯೇ. ತೂದಾ ಬಾಸ್ಸುವಿನ ಜೊತೆ ಮೂವತ್ತೊಂದು ವರ್ಷ ಬಾಳಿದವಳು. ಅವನಿಗಾಗಿ ಅಳುವುದನ್ನೂ ಲೆಕ್ಕ ತಪ್ಪದೆ ಅತ್ತಿದ್ದಳು. ಅದನ್ನು ಎರಡು ನಿಮಿಷದಲ್ಲಿ ಯಾವನೋ ಒಬ್ಬ ಹೊಲಸು ಮಾಡಿದ್ದ.

"ಫೋನ್ ಇಲ್ಲೇ ಬಿಟ್ಟು ಹೋಗಿ," ಅಂದಳು. "ಸಂಜೆಯೊಳಗೆ ಕಳಿಸ್ತೀನಿ."

ಬಾಸ್ಸು ಹತ್ತಿರದ ವರ್ಜಾಜಾತ್ ಪಟ್ಟಣದಲ್ಲಿ ಸಿನಿಮಾಕ್ಕೆಂದೇ ಕಟ್ಟಿದ ಕೋಟೆಗಳಲ್ಲಿ ಲೈಟಿನ ಕೆಲಸ ಮಾಡಿದವನು. ಎಲ್ಲೆಲ್ಲಿಂದಲೋ ಬಂದವರು ಅಲ್ಲಿ ರಾಜರ ಕಥೆ, ಯುದ್ಧದ ಕಥೆ, ದೆವ್ವದ ಕಥೆ ತೆಗೆಯುತ್ತಿದ್ದರು. ಬಾಸ್ಸು ಅವರಿಗೆ ಬಿಸಿಲನ್ನು ಬೇಕಾದ ಕಡೆ ತಿರುಗಿಸಿಕೊಡುತ್ತಿದ್ದ. ಮನೆಗೆ ಬಂದರೆ ಬಾಯಿ ಮುಚ್ಚದವನು. ದೀಪವನ್ನು ಗದ್ದದ ಕೆಳಗೆ ಹಿಡಿದು, "ನೋಡು, ಈಗ ನಾನು ಯಾರು?" ಅನ್ನುತ್ತಿದ್ದ. ಕಣ್ಣಿನ ಗುಳಿಗಳು ಕಪ್ಪಾಗಿ ಮೂಗಿನ ನೆರಳು ಹಣೆಗೆ ಏರುತ್ತಿತ್ತು. "ನಿಮ್ಮ ಅಮ್ಮ," ಅನ್ನುತ್ತಿದ್ದಳು ತೂದಾ. ಹಾಗೆ ನಗುತ್ತ ನಗುತ್ತಲೇ ಅವಳು ಅವನ ಕೆಲಸವನ್ನೆಲ್ಲ ತಿಳಿದುಕೊಂಡಳು. ಓದು ಬರಹ ಬಾರದು, ಆದರೆ ಒಮ್ಮೆ ಕೇಳಿದ್ದನ್ನು ಮರೆಯುವವಳಲ್ಲ.

ಈಗ ಅವಳು ಆ ಎರಡು ನಿಮಿಷವನ್ನು ಅಕ್ಕಿ ಆರಿಸುವಂತೆ ನೋಡಿದಳು, ಏಳು ಸಲ.

ಮೊದಲಿಗೆ ಚಿತ್ರವೇ ಇರಲಿಲ್ಲ. ಬರೀ ಕತ್ತಲು. ಕತ್ತಲಲ್ಲಿ ಏನೋ ಭಾರವಾದದ್ದು ನೆಲವನ್ನು ಉಜ್ಜಿಕೊಂಡು ಬರುವ ಸದ್ದು. "ಮೊದ್ಲು ಕಿವಿಗೆ ಕೊಡು, ಕಣ್ಣಿಗೆ ಏನೂ ಕೊಡಬೇಡ," ಅನ್ನುತ್ತಿದ್ದ ಬಾಸ್ಸು. "ಕಾಣದೆ ಇರೋದನ್ನ ಜನ ತಮ್ಮ ತಲೇಲೇ ಕಟ್ಕೋತಾರೆ. ನಮಗೆ ಖರ್ಚು ಉಳೀತು." ಮೂರನೆಯ ಸಲ ಕೇಳುವಾಗ ತೂದಾಳಿಗೆ ಗುರುತು ಸಿಕ್ಕಿತು. ಅದು ಅವಳದೇ ಬೀಸುವ ಕಲ್ಲು. ಎರಡು ತಿಂಗಳ ಹಿಂದೆ ಕಿವಿಗೆ ಯಂತ್ರ ಹಾಕಿಕೊಂಡ ಒಂದು ಹುಡುಗಿ ಬಂದು, "ಖಾಲ್ತಿ, ಹಳ್ಳಿಯ ಸದ್ದುಗಳನ್ನ ಹಿಡ್ಕೋತಿದೀನಿ," ಅಂದಿದ್ದಳು. ಖಾಲ್ತಿ ಅಂದರೆ ಚಿಕ್ಕಮ್ಮ. ಅಷ್ಟು ಬಾಯ್ತುಂಬ ಕರೆದವಳಿಗೆ ತೂದಾ ಚಹಾ ಕೊಟ್ಟು, ಒಂದು ಸೇರು ಜವೆಗೋಧಿ ಬೀಸಿ ಕೇಳಿಸಿದ್ದಳು. ಆ ಸದ್ದನ್ನೇ ನಿಧಾನ ಮಾಡಿ, ದಪ್ಪ ಮಾಡಿ, ಗೋರಿಯ ಕಲ್ಲು ಸರಿಯುವಂತೆ ಮಾಡಿದ್ದರು. ನಡುವೆ ಸದ್ದು ತಟ್ಟನೆ ನಿಲ್ಲುತ್ತಿತ್ತು. ಅಲ್ಲಿ ಎದೆ ಧಸಕ್ ಅನ್ನಬೇಕು. ಅಲ್ಲಿ ನಿಜವಾಗಿ ಆಗಿದ್ದು ಇಷ್ಟೇ: ಕಾಳು ಮುಗಿದಿತ್ತು, ಅವಳು ಇನ್ನೊಂದು ಹಿಡಿ ಹಾಕಿದ್ದಳು.

ಆಮೇಲೆ ಕ್ಯಾಮೆರಾ. ಅದು ನೆಲದ ಹತ್ತಿರ, ಮುಳ್ಳಿನ ಬೇಲಿಯ ಹಿಂದಿನಿಂದ ನೋಡುತ್ತಿತ್ತು. ಮುಳ್ಳುಗಳು ದೊಡ್ಡದಾಗಿ ಮಸುಕಾಗಿ ಮುಂದೆ, ಅವಳ ಬೆನ್ನು ದೂರದಲ್ಲಿ. ಬಹಳ ಮೆಲ್ಲಗೆ, ಉಸಿರು ಬಿಗಿಹಿಡಿದಂತೆ ಹತ್ತಿರ ಬರುತ್ತಿತ್ತು. ಯಾರೋ ಅಡಗಿ ನೋಡುತ್ತಿದ್ದಾರೆ ಎಂದು ನೋಡುವವರಿಗೆ ಅನ್ನಿಸಬೇಕೆಂದು ಹಾಗೆ ಮಾಡುತ್ತಾರೆ. ಇಲ್ಲಿ ಅನ್ನಿಸುವ ಮಾತೇ ಇಲ್ಲ. ನಿಜವಾಗಿಯೇ ಅಡಗಿ ನೋಡಿದ್ದರು. ಕ್ಯಾಮೆರಾ ಕಳ್ಳನಂತೆ ಕಂಡದ್ದು ಅದು ಕಳ್ಳನೇ ಆಗಿದ್ದರಿಂದ.

ಏಳನೆಯ ಸಲ ಅವಳು ಚಿತ್ರದಲ್ಲಿದ್ದ ತನ್ನ ಕಾಲಡಿ ನೋಡಿದಳು. ನೆರಳು ಪಾದಕ್ಕೆ ಅಂಟಿಕೊಂಡು ರೊಟ್ಟಿಯಷ್ಟೇ ಇತ್ತು. ಚಂದ್ರ ಗುಡ್ಡದ ಅಂಚಿನಲ್ಲಿದ್ದರೆ ನೆರಳು ಬೇಲಿಯ ತನಕ ಉದ್ದ ಬೀಳಬೇಕು. ಇದು ನೆತ್ತಿಯ ಮೇಲಿನ ಸೂರ್ಯನ ನೆರಳು. ಹಗಲಲ್ಲಿ ಚಿತ್ರ ತೆಗೆದು, ಲೆನ್ಸಿನ ಕಣ್ಣು ಕಿರಿದು ಮಾಡಿ, ನೀಲಿ ಗಾಜು ಹಾಕಿ, ಮೇಲೊಂದು ಚಂದ್ರನನ್ನು ಅಂಟಿಸಿದ್ದರು. ಬಾಸ್ಸು ನೂರು ಸಲ ಮಾಡಿದ ಕೆಲಸ.

ಮರುದಿನ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಹೊರಟು ಸಿನಿಮಾದವರಿದ್ದ ಮಣ್ಣಿನ ಕೋಟೆಗೆ ನಡೆದುಕೊಂಡೇ ಹೋದಳು. ನಿರ್ದೇಶಕ ಅನಸ್, ಕಾಸಾಬ್ಲಾಂಕಾದವನು, ಮೂವತ್ತರ ಆಸುಪಾಸು, ಕೊಡೆಯ ಕೆಳಗೆ ಕೂತು ಕಾಫಿ ಕುಡಿಯುತ್ತಿದ್ದ. ಬಿಳಿ ಉಟ್ಟವಳು ಕಾಲೆಳೆಯುತ್ತ ಬರುವುದನ್ನು ನೋಡಿದ ಕೂಡಲೇ ಅವನಿಗೆ ಯಾರೆಂದು ಗೊತ್ತಾಯಿತು. ಎದ್ದು ಕುರ್ಚಿ ಕೊಟ್ಟ. ಅವಳು ಕೂರಲಿಲ್ಲ.

"ಖಾಲ್ತಿ, ಅದ್ರಲ್ಲಿ ನಿಮ್ಮ ಮುಖಾನೇ ಇಲ್ಲ," ಅಂದ.

"ಕದ್ದು ತೆಗೆಯೋನಿಗೆ ಮುಖ ಎಲ್ಲಿಂದ ಸಿಗುತ್ತೆ? ಬೆನ್ನೇ ಸಿಗೋದು."

"ನಟಿ ಕೈಲಿ ಎರಡು ದಿನ ಮಾಡಿಸಿದ್ವಿ, ಆ ನಡಿಗೆ ಬರ್ಲೇ ಇಲ್ಲ. ನಿಮ್ದು ನಿಜವಾದ ನಡಿಗೆ. ಶುರುವಲ್ಲೇ ಜನ ಹೆದರದಿದ್ರೆ ಉಳಿದ ಸಿನಿಮಾ ನಿಲ್ಲಲ್ಲ."

"ಈ ಕಾಲು ಏಣಿಯಿಂದ ಬಿದ್ದು ಮುರಿದಿದ್ದು, ಖರ್ಜೂರ ಇಳಿಸುವಾಗ. ಇದನ್ನ ನೋಡಿ ಯಾಕೆ ಹೆದರಬೇಕು?"

ಅವನು ಕಾಫಿ ಲೋಟ ಕೆಳಗಿಟ್ಟ.

"ನಿನ್ನ ಅಜ್ಜಿ ಇದಾರಾ?"

"ಇದಾರೆ."

"ಅಜ್ಜ?"

"ಹೋಗಿ ಆರು ವರ್ಷ ಆಯ್ತು."

"ನಿನ್ನ ಅಜ್ಜಿ ಆವಾಗ ಯಾವ ಬಣ್ಣ ಉಟ್ಟಿದ್ರು?"

ಅನಸ್ ತನ್ನ ಬೂಟು ನೋಡಿಕೊಂಡ.

"ಪರದೇಶದವನಾಗಿದ್ರೆ ಗೊತ್ತಿಲ್ಲದೆ ಮಾಡಿದ ಅಂತ ಬಿಟ್ಟುಬಿಡ್ತಿದ್ದೆ," ಅಂದಳು ತೂದಾ. "ನಿನಗೆ ಗೊತ್ತಿತ್ತು. ಗಂಡನ ಗೋರಿಗೆ ನೀರು ತಗೊಂಡು ಹೋಗೋಳು ಅಂತ ಗೊತ್ತಿದ್ದೇ ದೆವ್ವ ಮಾಡಿದೀಯ."

ಅವನು ಯಾರಿಗೋ ಸನ್ನೆ ಮಾಡಿದ, ದುಡ್ಡಿನ ಲಕೋಟೆಯೊಂದು ಬಂತು. ಅವಳು ಕೈಗಳನ್ನು ಜೆಲ್ಲಾಬಾದ ತೋಳಿನೊಳಗೆ ಎಳೆದುಕೊಂಡಳು.

"ಅದು ಬೇಡ. ಮಧ್ಯಾಹ್ನ ತೆಗೆದಿದ್ದು ಅಂತ ಒಂದು ಸಾಲು ಬರೆದು ಹಾಕು. ಅಷ್ಟೇ."

"ಹಾಗೆ ಹಾಕಿದ್ರೆ ಯಾರು ಹೆದರ್ತಾರೆ ಖಾಲ್ತಿ?" ಅಂದ ಅನಸ್. ತಮಾಷೆಗಲ್ಲ, ನಿಜವಾಗಿಯೇ ಅವನಿಗೆ ಅದೇ ದೊಡ್ಡ ತೊಂದರೆಯಾಗಿ ಕಂಡಿತ್ತು.

ಲೈಟಿನ ಮೇಸ್ತ್ರಿ ಮೋಹಾ ಅವಳನ್ನು ರಸ್ತೆಯ ತನಕ ಬಿಡಲು ಬಂದ. ಬಾಸ್ಸುವಿನ ಕೈಕೆಳಗೆ ಹದಿನೈದು ವರ್ಷ ಕೆಲಸ ಕಲಿತವನು. ತಲೆ ಎತ್ತಲಿಲ್ಲ.

"ನೀಲಿ ಗಾಜು ಹಾಕಿದ್ದು ನಾನೇ ಲಾಲ್ಲಾ. ಅಷ್ಟು ದೂರದಿಂದ ನೀವು ಅಂತ ಗೊತ್ತಾಗ್ಲಿಲ್ಲ."

"ಬೇರೆಯವಳಾಗಿದ್ರೆ ಸರಿಯಾಗಿರ್ತಿತ್ತಾ?"

ಮೋಹಾ ದಾರಿಯ ಕಲ್ಲೊಂದನ್ನು ಕಾಲಲ್ಲಿ ಸರಿಸಿದ. "ನಾನು ಬಂದು ಫಾಡ್ಮಾಗೆ ಹೇಳ್ತೀನಿ, ಮಧ್ಯಾಹ್ನ ಆಗಿತ್ತು ಅಂತ."

"ನೀನು ಹೇಳಿದ್ರೆ ನಂಬ್ತಾಳೆ, ಗಂಡಸಿನ ಮಾತು ಅಂತ. ನನ್ನ ನಾಲ್ಕು ತಿಂಗಳಿಗೆ ಮುಳ್ಳಿನ ಹಿಂದೆ ಕೂತಿದ್ದವನು ಸಾಕ್ಷಿ ಆಗೋದು ಬೇಡ."

ಮನೆಗೆ ಬಂದು ಬಾಸ್ಸುವಿನ ತಗಡಿನ ಪೆಟ್ಟಿಗೆ ತೆಗೆದಳು. ಕೈಗವಸು, ಕ್ಲಿಪ್ಪುಗಳು, ಅದರಡಿ ದಾರ ಕಟ್ಟಿದ ಒಂದು ದುಂಡು ಗಾಜು. ಕಡು ನೀಲಿ. ಹಗಲು ಇರುಳಾಗಿ ಹೇಗೆ ಕಾಣುತ್ತದೆಂದು ಬಾಸ್ಸು ಅದನ್ನು ಕಣ್ಣಿಗೆ ಹಿಡಿದು ಮೊದಲೇ ನೋಡಿಕೊಳ್ಳುತ್ತಿದ್ದ. ಕೊರಳಿಗೆ ಹಾಕಿಕೊಂಡೇ ಎಷ್ಟೋ ಸಲ ನಿದ್ದೆ ಹೋಗುತ್ತಿದ್ದ.

ಬಿಳಿ ಬಿಚ್ಚುವ ದಿನ ತೂದಾ ಇಪ್ಪತ್ತು ಜನಕ್ಕಾಗುವಷ್ಟು ಕುಸ್ಕುಸ್ ಮಾಡಿದಳು. ಫಾಡ್ಮಾ ಬಂದಳು. ಬಿಳಿ ಬಿಚ್ಚುವುದಿಲ್ಲ ಎಂದಿದ್ದಳು, ಬಿಚ್ಚಲಿಲ್ಲ ಎನ್ನುವುದನ್ನು ತಾನೇ ಬಾಗಿಲಲ್ಲಿ ನಿಂತು ಎಲ್ಲರಿಗೂ ತೋರಿಸಬೇಕಿತ್ತು ಅವಳಿಗೆ. ಹಿಂದೆ ಐವರು ಹೆಂಗಸರು. ಯಾರೂ ಹೊಸ್ತಿಲು ದಾಟಲಿಲ್ಲ.

ತೂದಾ ಗಾಜನ್ನು ಫಾಡ್ಮಾಳ ಕೈಗೆ ಕೊಟ್ಟಳು. "ಲಾಲ್ಲಾ, ಇದು ನಿಮ್ಮ ತಮ್ಮಂದು. ಕಣ್ಣಿಗೆ ಹಿಡ್ಕೊಂಡು ನೋಡಿ. ನಾನು ಅಂಗಳ ದಾಟ್ತೀನಿ, ಅಷ್ಟೇ."

ಸೂರ್ಯ ನೆತ್ತಿಯಲ್ಲಿದ್ದ. ತೂದಾ ಹೂಜಿ ಹಿಡಿದು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ಯಾವತ್ತಿನ ಹಾಗೆ, ಕಾಲೆಳೆಯುತ್ತ ನಡೆದಳು. ಹದಿನಾಲ್ಕು ಹೆಜ್ಜೆ.

ಫಾಡ್ಮಾ ಗಾಜು ಕೆಳಗಿಳಿಸಿದಳು. ಬಿಸಿಲು. ಮತ್ತೆ ಕಣ್ಣಿಗೆ ಹಿಡಿದಳು. "ಬಿಸ್ಮಿಲ್ಲಾ," ಅಂದಳು ಮೆಲ್ಲಗೆ.

"ಏನು ಕಾಣ್ತಿದೆ?"

"ರಾತ್ರಿ," ಅಂದಳು ಫಾಡ್ಮಾ. "ನೀನು ಥೇಟ್ ದೆವ್ವ."

"ನೆರಳು ನೋಡಿ. ಆಮೇಲೆ ನಿಮ್ಮ ಫೋನಲ್ಲಿ ನೋಡಿ."

ಫೋನು ಕೈಯಿಂದ ಕೈಗೆ ಹೋಯಿತು, ಗಾಜೂ ಹೋಯಿತು. ಒಬ್ಬಳು ಗಾಜಿನಲ್ಲಿ ಮೇಕೆಯನ್ನು ನೋಡಿ, "ಅಮ್ಮಮ್ಮ, ಇದು ಸೈತಾನನೇ," ಅಂದಳು. ಬದನೆ ಗಿಡ ಕಳೆದುಕೊಂಡ ನೆರೆಯವಳು, "ಅದಕ್ಕೆ ಗಾಜು ಬೇಕಾಗಿಲ್ಲ," ಅಂದಳು. ಫಾಡ್ಮಾ ಮಾತ್ರ ನಗಲಿಲ್ಲ.

"ಬಾಸ್ಸು ಇಷ್ಟು ವರ್ಷ ಮಾಡ್ತಿದ್ದಿದ್ದು ಇದೇ ಕೆಲಸಾನಾ?"

"ಇದೇ. ನಟಿಯರನ್ನ ನಿಲ್ಲಿಸಿ, ಹೇಳಿ ಮಾಡ್ತಿದ್ರು. ಗೋರಿಗೆ ಹೋಗೋ ಹೆಂಗಸಿನ ಬೆನ್ನ ಹಿಂದೆ ಕೂತ್ಕೊಂಡಲ್ಲ."

ಫಾಡ್ಮಾ ಹೊಸ್ತಿಲು ದಾಟಿ ಬಂದಳು. ತೂದಾಳ ತಲೆಯ ಬಿಳಿ ವಸ್ತ್ರದ ಗಂಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ತನ್ನ ಕಂಕುಳಲ್ಲಿ ಇಟ್ಟುಕೊಂಡಳು. ತಪ್ಪಾಯಿತು ಅನ್ನಲಿಲ್ಲ, ಅನ್ನುವವಳೂ ಅಲ್ಲ. "ಕುಸ್ಕುಸ್ ಆರ್ತಾ ಇದೆ," ಅಂದಳು.

ಇಷ್ಟಕ್ಕೆ ತೂದಾಳ ಸಿಟ್ಟು ಇಳಿಯಲಿಲ್ಲ. ಊರಿನ ಐದಾರು ಹೆಂಗಸರಿಗೆ ನಿಜ ಗೊತ್ತಾಯಿತು. ಉಳಿದ ಲೋಕಕ್ಕೆ ಅವಳು ರಾತ್ರಿ ತಿರುಗುವ ದೆವ್ವವೇ. ಚಳಿಗಾಲಕ್ಕೆ ಸಿನಿಮಾ ತಯಾರಾಗಿ, ವರ್ಜಾಜಾತಿನ ಸಭಾಭವನದಲ್ಲಿ ಒಂದು ಮಧ್ಯಾಹ್ನ ಮೊದಲ ಆಟ ಇಟ್ಟರು. ಅನಸ್ ಮುಂದಿನ ಸಾಲಿನಲ್ಲಿ ಕೋಟು ಹಾಕಿಕೊಂಡು ಕೂತಿದ್ದ. ತೂದಾ ಹಸಿರು ಕಫ್ತಾನ್ ತೊಟ್ಟು ಫಾಡ್ಮಾಳ ಜೊತೆ ಮೂರನೆಯ ಸಾಲಿನಲ್ಲಿ ಕೂತಳು.

ದೀಪ ಆರಿತು. ಕತ್ತಲಲ್ಲಿ ಕಲ್ಲು ಉಜ್ಜುವ ಸದ್ದು ಗೋಡೆಗಳಿಂದ ಬಂತು. ಮುಂದಿದ್ದ ಹೆಂಗಸು ಗಂಡನ ತೋಳು ಹಿಡಿದಳು. ಸದ್ದು ತಟ್ಟನೆ ನಿಂತಿತು. ಇಡೀ ಸಭೆ ಉಸಿರು ಹಿಡಿಯಿತು. ಚಂದ್ರ ಬಂದ, ಮುಳ್ಳು ಬಂತು, ಬಿಳಿ ಬೆನ್ನು ಬಂತು.

ತೂದಾ ಎದ್ದು ನಿಂತಳು. ದನಿ ಏರಿಸಲಿಲ್ಲ. ಆ ಮೌನದಲ್ಲಿ ಏರಿಸಬೇಕಾಗಿಯೂ ಇರಲಿಲ್ಲ.

"ಇದು ಮಧ್ಯಾಹ್ನ. ಒಂದು ಗಂಟೆ. ಮಸೀದೀಲಿ ಶುಕ್ರವಾರದ ನಮಾಜು ನಡೀತಿತ್ತು. ಅವಳ ಕಾಲಡಿ ನೆರಳು ನೋಡಿ. ಅವಳು ನಾನು. ಗಂಡನ ಗೋರಿಗೆ ನೀರು ತಗೊಂಡು ಹೋಗ್ತಿದೀನಿ."

ತಲೆಗಳು ತಿರುಗಿದವು, ಆಮೇಲೆ ತೆರೆಯ ಕಡೆ ತಿರುಗಿದವು. ನೆರಳು ರೊಟ್ಟಿಯಷ್ಟೇ ಇತ್ತು. ಒಮ್ಮೆ ಕಂಡ ಮೇಲೆ ಅದನ್ನು ಕಾಣದಿರಲು ಯಾರಿಂದಲೂ ಆಗುತ್ತಿರಲಿಲ್ಲ.

"ಆ ಸದ್ದು ಇವಳ ಬೀಸುವ ಕಲ್ಲು," ಫಾಡ್ಮಾ ಕೂತಲ್ಲಿಂದಲೇ ಹೇಳಿದಳು. "ಜವೆಗೋಧಿ. ಈಗ ನಿಲ್ತಲ್ಲ, ಕಾಳು ಮುಗಿದಿತ್ತು."

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ನಕ್ಕ. ಅವನ ಪಕ್ಕದವನು ನಕ್ಕ. ಮುಂದಿದ್ದ ಹೆಂಗಸು ಗಂಡನ ತೋಳು ಬಿಟ್ಟಳು. ಅನಸ್ ಹಿಂದಕ್ಕೆ ತಿರುಗಲಿಲ್ಲ, ಅವನ ಕುತ್ತಿಗೆ ಮಾತ್ರ ಕೋಟಿನೊಳಗೆ ಇಳಿಯಿತು.

ತೂದಾ ನಗಲಿಲ್ಲ. ನಗುವಂಥದ್ದೇನೂ ಆಗಿರಲಿಲ್ಲ. ಕಫ್ತಾನಿನ ಅಂಚು ಎತ್ತಿಕೊಂಡು, ಒಬ್ಬೊಬ್ಬರ ಮೊಣಕಾಲು ದಾಟಿ, ಕಾಲೆಳೆಯುತ್ತ ಬಾಗಿಲ ಕಡೆ ನಡೆದಳು. ಸಾಲು ಸಾಲಾಗಿ ಜನ ಎದ್ದು ದಾರಿ ಬಿಟ್ಟರು. ಹೊರಗೆ ಇನ್ನೂ ಬಿಸಿಲಿತ್ತು.