ಕೊಂಡವಾಡದಿಂದ ಬಂದ ಗಾಳೆಪ್ಪ

ನಮ್ಮ ಕಡೆ ಇನ್ನೂ ಕಾಲುವೆಯ ನೀರು ಬಂದಿರದ ಕಾಲ ಅದು. ಮಸ್ಕಿಗೂ ಬಳಗಾನೂರಿಗೂ ನಡುವೆ ಇದ್ದ ನಮ್ಮ ಊರಿನ ಹೊರಗೆ ನಿಂತರೆ ಕಣ್ಣು ಹೋಗುವಷ್ಟು ದೂರ ಎರೆ ಹೊಲ, ಅದರ ತುಂಬ ಬಿಳಿಜೋಳ. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ, ಆದರೆ ನಾವು ಚಿಗರಿಯ ಹಿಂಡನ್ನು ಹೊಲದಿಂದ ಓಡಿಸಿದವರು. ಜೋಳ ಹಾಲುಗಾಳಾಗುವ ಹೊತ್ತಿಗೆ ಮನೆಮಂದಿಯೆಲ್ಲ ಹೊಲದಲ್ಲೇ. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಡಿದು, ಬಿಸಿ ಸೀತನಿಗೆ ಶೇಂಗಾ ಹಿಂಡಿ, ಬೆಲ್ಲ ಕೂಡಿಸಿ ತಿನ್ನುವ ಸುಖ ಉಂಡವರಿಗೇ ಗೊತ್ತು. ಅಂಥ ಒಂದು ಸೀತನಿಯ ಕಾಲದಲ್ಲಿ ಗಾಳೆಪ್ಪ ನಮ್ಮ ಮನೆಗೆ ಬಂದ.

ಗಾಳೆಪ್ಪ ನಮ್ಮ ನಾಯಿ. ಅವನನ್ನು ತರಲು ನಾವು ಹೋಗಿರಲೇ ಇಲ್ಲ. ನಮ್ಮ ಎಮ್ಮೆ ಯಾರದೋ ಹೊಲಕ್ಕೆ ಬಾಯಿ ಹಾಕಿ ಮಸ್ಕಿಯ ಕೊಂಡವಾಡ ಸೇರಿತ್ತು. ಬೆಳೆ ಮೇಯ್ದ ದನಗಳನ್ನು ಕೂಡಿಹಾಕುವ ದೊಡ್ಡಿ ಅದು. ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕರೆಯದಿದ್ದರೆ ಆ ಎಮ್ಮೆ ಹೆಜ್ಜೆ ಎತ್ತುತ್ತಿರಲಿಲ್ಲ. ಅದಕ್ಕೇ ಅಪ್ಪನ ಜೊತೆ ಆಯಿಯೂ ಹೊರಟಳು, ಅವಳ ಸೆರಗು ಹಿಡಿದು ನಾನೂ ಹೊರಟೆ.

ದೊಡ್ಡಿಯೊಳಗೆ ಕರುವಿನಷ್ಟು ಎತ್ತರದ ಕೆಂದು ನಾಯಿಯೊಂದು ಈ ಗೋಡೆಯಿಂದ ಆ ಗೋಡೆಗೆ ಓಡುತ್ತಿತ್ತು. ದನಗಳು ಅದಕ್ಕೆ ದಾರಿ ಬಿಟ್ಟುಕೊಟ್ಟು ಬೇಸತ್ತು ನಿಂತಿದ್ದವು. ನಾನು ಅಷ್ಟು ಚೆಂದದ ಪ್ರಾಣಿಯನ್ನು ಅದುವರೆಗೆ ನೋಡಿರಲಿಲ್ಲ.

"ಕಾಲುವಿ ಅಳಿಯಾಕ ಬಂದ ಸಾಹೇಬ್ರು ಬಿಟ್ಟು ಹೋಗ್ಯಾರ," ಎಂದ ದೊಡ್ಡಿ ಕಾಯುವ ಮೌಲಾಸಾಬ. "ಬಜಾರದಾಗ ಮಂದಿ ಕಲ್ಲು ಒಗಿಯಾಕತ್ತಿದ್ರು. ಪಾಪ ಅಂತ ಒಳಗ ಇಟಗೊಂಡೀನಿ. ನನ್ನ ರೊಟ್ಟಿ ಎಲ್ಲಾ ಅದ ತಿಂತೈತಿ."

ಅಪ್ಪನಿಗೂ ಆಸೆ ಹುಟ್ಟಿತು. "ನಮಗ ಕೊಡು. ಸರಪಳಿ ಹಾಕಿ ಕಣದಾಗ ಕಟ್ಟಿದ್ರ ಒಬ್ಬ ಕಳ್ಳ ಸುಳಿಯಾಂಗಿಲ್ಲ."

"ಕಟ್ಟಾವ್ರಿಗಿ ಕೊಡಂಗಿಲ್ರೀ ಗೌಡ್ರ. ಇದು ಓಡೋ ಜಾನವಾರ. ಒಬ್ಬ ಸಾವ್ಕಾರ್ರು ಕೇಳಿದ್ರು, ಅವ್ರಿಗೂ ಇಲ್ಲ ಅಂದೀನಿ."

ಆಮೇಲೆ ಅವನು ಹೆಣ್ಣು ಕೊಡುವವರು ಗಂಡಿನ ಮನೆ ವಿಚಾರಿಸಿದ ಹಾಗೆ ಶುರು ಮಾಡಿದ. ಹೊಲ ಎಷ್ಟು ಕೂರಿಗೆ? ಮನೆಗೆ ಎಷ್ಟು ದೂರ? ಅಪ್ಪನ ಮುಖ ಕೆಂಪಾಯಿತು. ಆಯಿಗೆ ಮಾತ್ರ ಈ ವಿಚಾರಣೆ ಬಹಳ ಹಿಡಿಸಿತು.

"ಹಗ್ಗ ಹಾಕಂಗಿಲ್ಲಪ. ಇದು ನನ್ನ ಮಾತು," ಎಂದಳು.

"ಸುಗ್ಗಿ ಮುಗಿಯೂದ್ರಾಗ ಬಂದು ನೋಡ್ತೀನ್ರೀ ಯವ್ವಾ. ಕಟ್ಟಿದ್ದು ಕಂಡ್ರ ತಿರುಗಿ ಒಯ್ತೀನಿ."

"ಒಯ್ಯಿ."

ಮಾತು ಕೊಡುವುದು ಸುಲಭವಾಗಿತ್ತು. ಬಂದ ಕೆಲವೇ ದಿನಗಳಲ್ಲಿ, ಆಯಿ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದಾಗ ಗಾಳೆಪ್ಪ ಒಳಗೆ ನುಗ್ಗಿದ. ಎರಡೂ ಮುಂಗಾಲನ್ನು ಅವಳ ಹೆಗಲ ಮೇಲಿಟ್ಟು ಹಣೆಯ ವಿಭೂತಿಯನ್ನು ಪೂರ್ತಿ ನೆಕ್ಕಿಬಿಟ್ಟ. ಓಡುವಾಗ ಹಾಲಿನ ಗಡಿಗೆ ಉರುಳಿತು. ಅಪ್ಪ ಅವನನ್ನು ಎಳೆದೊಯ್ದು ಎತ್ತಿನ ಗೂಟಕ್ಕೆ ಬಿಗಿದ. ಸಿಟ್ಟಿನಲ್ಲಿದ್ದ ಆಯಿ ಬೇಡವೆನ್ನಲಿಲ್ಲ. ಅವನು ದಿನವಿಡೀ ಹಗ್ಗ ಜಗ್ಗಿ ಜಗ್ಗಿ ಸುತ್ತಿದ, ಆಮೇಲೆ ಮಲಗಿದ. ರೊಟ್ಟಿ ಮೂಸಲಿಲ್ಲ. ನಾನು ಪಕ್ಕದಲ್ಲಿ ಕೂತು ಅತ್ತೆ.

ಮರುದಿನ ಬೆಳಗಾಗುತ್ತಲೇ ಆಯಿ ಬಂದು ಹಗ್ಗ ಬಿಚ್ಚಿದಳು. ಅಪ್ಪ ಏನೋ ಹೇಳಹೋದ.

"ಮಾತು ಕೊಟ್ಟಾಕಿ ನಾ. ನೀ ಸುಮ್ಮನಿರು," ಎಂದವಳೇ ನಾಯಿಯ ಕಡೆ ತಿರುಗಿ, "ನಡಿಯಪ ಗಾಳೆಪ್ಪ, ನಿನ್ನ ಗಾಳಿ ಹೊಲದಾಗ ಬಿಡಿಸ್ತೀನಿ," ಎಂದಳು. ಹೆಸರು ಬಂದದ್ದು ಹಾಗೆ.

ಅವನು ಹೊಲದಲ್ಲಿ ಓಡಿದ್ದನ್ನು ಹೇಗೆ ಹೇಳಲಿ? ಬೆಳಗಿನ ಇಬ್ಬನಿಯಲ್ಲಿ ಜೋಳದ ಸಾಲಿನೊಳಗೆ ಹೊಕ್ಕರೆ ದಂಟು ಅಲುಗುವುದಷ್ಟೇ ಕಾಣುತ್ತಿತ್ತು. ಅವನು ಹೋದಲ್ಲೆಲ್ಲ ಗುಬ್ಬಿ, ಗಿಳಿಗಳ ಹಿಂಡು ಭರ್ರನೆ ಏಳುತ್ತಿತ್ತು. ಅಟ್ಟಣಿಗೆಯ ಮೇಲೆ ಕವಣೆ ಬೀಸಿ ಬೀಸಿ ತೋಳು ಸೋಲುತ್ತಿದ್ದ ನಾವು ಕವಣೆಯನ್ನೇ ಮರೆತೆವು. ಚಿಗರಿಗಳನ್ನು ಗಡಿಯಾಚೆ ಅಟ್ಟಿ, ಒಂದನ್ನೂ ಮುಟ್ಟದೆ, ನಾಲಿಗೆ ಚಾಚಿಕೊಂಡು ಹಿಂದಿರುಗುತ್ತಿದ್ದ. ಅವನಿಗೆ ಬೇಕಾದದ್ದು ಬೇಟೆಯಲ್ಲ, ಓಟ.

ಹೊಲದ ಮೂಲೆಯಲ್ಲಿ ಬನ್ನಿಗಿಡದ ಹತ್ತಿರದ ಕೆಲವು ಸಾಲುಗಳನ್ನು ಆಯಿ ಹಕ್ಕಿಗಳಿಗೆಂದೇ ಬಿಡುತ್ತಿದ್ದಳು. ಅಲ್ಲಿ ಯಾರೂ ಹೋ ಎನ್ನುವಂತಿರಲಿಲ್ಲ. ಗಾಳೆಪ್ಪ ಅಲ್ಲಿಗೂ ನುಗ್ಗಿದ. ಆಯಿ ಹೋಗಿ ಸಾಲಿನ ಮುಂದೆ ಕೂತಳು. ಅವನು ಓಡಿ ಬಂದಾಗಲೆಲ್ಲ ಅಂಗೈ ಎತ್ತಿ, "ಇಲ್ಲಿ ಬ್ಯಾಡಪ, ಇದು ಅವುಗಳ ಪಾಲು," ಎನ್ನುತ್ತಿದ್ದಳು. ಕಲಿತ ನೋಡಿ. ಬಿರುಸಿನಿಂದ ಬಂದವನು ಆ ಸಾಲಿನ ಬಳಿ ಹೆಂಟೆ ಸಿಡಿಯುವಂತೆ ತಿರುಗಿಬಿಡುತ್ತಿದ್ದ. ಎಲ್ಲಿ ತಿರುಗಬೇಕೆಂದು ತಿಳಿಯದ ದೊಡ್ಡ ಮನುಷ್ಯರನ್ನು ನಾನು ಆಮೇಲೆ ಬೇಕಾದಷ್ಟು ನೋಡಿದ್ದೇನೆ.

ಜೋಳ ಕೊಯ್ಯುವ ಮುಂಚೆಯೇ ಮೌಲಾಸಾಬ ನಡೆದುಕೊಂಡು ಬಂದ. ಗಾಳೆಪ್ಪ ಅವನ ಮೇಲೆ ಹಾರಿ ಅವನನ್ನು ನೆಲಕ್ಕೆ ಕೆಡವಿದ. ಕೂತಲ್ಲೇ ಮೌಲಾಸಾಬ ಅವನ ಕುತ್ತಿಗೆಯ ಕೂದಲು ಬಿಡಿಸಿ ಬಿಡಿಸಿ ನೋಡಿದ. ಹಗ್ಗ ತಿಕ್ಕಿದ ಗುರುತು ಇನ್ನೂ ಮಾಸಿರಲಿಲ್ಲ.

"ಕಟ್ಟಿದ್ರೇನ್ರೀ ಯವ್ವಾ?"

ಅಪ್ಪ ಬಾಯಿ ತೆರೆಯುವ ಮೊದಲೇ ಆಯಿ ಹೇಳಿದಳು, "ಹೌದಪ, ಒಂದಿನ ಕಟ್ಟಿದ್ವಿ. ಮಾತು ತಪ್ಪೀನಿ. ನೀ ಕರಿ, ಬಂದ್ರ ಒಯ್ಯಿ."

ಮೌಲಾಸಾಬ ಎದ್ದು, ಸಿಳ್ಳೆ ಹಾಕಿ, ಮಸ್ಕಿಯ ದಾರಿ ಹಿಡಿದ. ಗಾಳೆಪ್ಪ ಅವನ ಹಿಂದೆಯೇ ಓಡಿದ. "ಆಯೀ, ಕರಿಯಬೇ," ಎಂದು ನಾನು ಅವಳ ಸೀರೆ ಜಗ್ಗಿದೆ.

"ಕರಿಯಾಂಗಿಲ್ಲ. ಅದರ ಮನಸ್ಸು."

ಗಾಳೆಪ್ಪ ಸ್ವಲ್ಪ ದೂರ ಹೋಗಿ ನಿಂತ. ನಮ್ಮ ಕಡೆ ಓಡಿ ಬಂದ, ಮತ್ತೆ ಮೌಲಾಸಾಬನ ಕಡೆ ಓಡಿದ. ಅವನು ದೂರವಾದಷ್ಟೂ ಓಟ ಉದ್ದವಾಗುತ್ತ ಹೋಯಿತು. ಆಯಿ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು, ಆದರೆ ಕರೆಯಲಿಲ್ಲ. ಕೊನೆಗೆ ಮೌಲಾಸಾಬ ತಿರುಗಿ ನಿಂತು, ನಿಮ್ಮಲ್ಲೇ ಇರಲಿ ಎನ್ನುವಂತೆ ಕೈ ಎತ್ತಿ ತೋರಿಸಿ ಹೊರಟುಹೋದ. ಗಾಳೆಪ್ಪ ಏದುಸಿರು ಬಿಡುತ್ತ ಬಂದು ಆಯಿಯ ಕಾಲ ಬಳಿ ಬಿದ್ದುಕೊಂಡ. ಆಗ ಆಯಿ ಅತ್ತಳು.

ಅವನು ನಮ್ಮಲ್ಲೇ ಮುದುಕನಾಗಿ ಸತ್ತ. ಆಮೇಲೆ ನೀರು ಬಂತು, ಹೊಲಗಳೆಲ್ಲ ಬದು ಹಾಕಿಸಿಕೊಂಡು ಭತ್ತದ ಗದ್ದೆಗಳಾದವು, ಚಿಗರಿಗಳು ಎತ್ತಲೋ ಹೋದವು. ನೀರಿನ ಮೇಲೆ ನನಗೆ ಸಿಟ್ಟಿಲ್ಲ. ಅದರಿಂದಲೇ ನಾವು ಹೊಟ್ಟೆ ತುಂಬ ಉಂಡದ್ದು. ಆದರೆ ನಮ್ಮದು ಅಂದುಕೊಂಡದ್ದನ್ನು ಬಿಟ್ಟು, ಕರೆಯದೆ ನಿಂತು ನೋಡುವ ಧೈರ್ಯ ಆಯಿಯ ಜೊತೆಗೇ ನಮ್ಮ ಮನೆಯಿಂದ ಹೋಯಿತು. ನಾನು ಮಕ್ಕಳನ್ನು ಬೆಳೆಸಿದೆ, ಮೊಮ್ಮಕ್ಕಳನ್ನೂ ಬೆಳೆಸಿದೆ. ಒಬ್ಬರು ಹೊಸಿಲು ದಾಟಿದರೂ ಕೂಗಿ ಕರೆದೇ ಬಿಡುತ್ತೇನೆ.